ಫೋರ್ಸಿಯ ನಾಲ್ಕು ತಟ್ಟೆ

ನಮ್ಮೂರಿನಲ್ಲಿ ಹೆಸರಿಗಿಂತ ಅಡ್ಡಹೆಸರೇ ಗಟ್ಟಿ. ವಿಸ್ಟಿನ್ ಬೊನ್ನೀಚಿ ಮನೆ ಎಲ್ಲಿ ಎಂದು ಕೇಳಿದರೆ ಪಕ್ಕದ ಮನೆಯವರೂ ಕಣ್ಣು ಕಣ್ಣು ಬಿಡುತ್ತಾರೆ. ಫೋರ್ಸಿ ಮನೆ ಎಂದರೆ ಸಾಕು, ಬ್ಯಾಂಡ್ ಕ್ಲಬ್ಬಿನ ಹಿಂದಿನ ಬೀದಿಗೆ ಕೈ ತೋರಿಸುತ್ತಾರೆ. ಫೋರ್ಸಿ ಎಂದರೆ ನಮ್ಮ ಮಾಲ್ಟಾದ ಮಾತಿನಲ್ಲಿ 'ಇರಬಹುದೇನೋ' ಎಂದರ್ಥ. ಅವರು ಹಳದಿ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ, ಬಸ್ಸು ಯಾವಾಗ ಹೊರಡುತ್ತದೆ ಎಂದು ಯಾರು ಕೇಳಿದರೂ "ಈಗ ಹೊರಡ್ತೀವಿ, ಫೋರ್ಸಿ" ಅನ್ನುತ್ತಿದ್ದರು. ಹೆಸರು ಅಂಟಿಕೊಂಡಿತು. ಬಸ್ಸುಗಳೆಲ್ಲ ಗುಜರಿಗೆ ಹೋದ ಮೇಲೂ ಹೆಸರು ಹೋಗಲಿಲ್ಲ.

ಅವರು ನನಗೆ ಭಾವ, ನನ್ನ ಅಕ್ಕ ಲುಚೀಯಾಳ ಗಂಡ. ಅವರ ಮನೆಯೂ ನನ್ನ ಮನೆಯೂ ಎದುರುಬದುರು. ನಾನು ನನ್ನ ಬಾಲ್ಕನಿಯಲ್ಲಿ ನಿಂತು ಕೆಮ್ಮಿದರೆ ಅವರ ಬಾಲ್ಕನಿಯಿಂದ "ಡೊಲೋರಾ, ಶೀತಾನಾ?" ಎಂದು ಕೇಳುತ್ತದೆ. ಅವರ ಬಾಲ್ಕನಿಯ ಅರ್ಧ ಹಸಿರು, ಅರ್ಧ ಕೆಂಪು. ಬಣ್ಣ ಬಳಿಯುತ್ತಿದ್ದಾಗ ಒಬ್ಬ ದಾರಿಹೋಕ ಹಸಿರು ಚೆಂದ ಅಂದ, ಅರ್ಧ ಮುಗಿಯುವಷ್ಟರಲ್ಲಿ ಇನ್ನೊಬ್ಬ ಬಂದು ಕೆಂಪು ಚೆಂದ ಅಂದ. ಕೊನೆಗೆ ಮಾತಾಡಿದವರದೇ ಸರಿ ಎನ್ನುವ ಮನುಷ್ಯ ಅವರು. ಇಂಥವರ ಜೊತೆ ಬಾಳುವುದು ಹೇಗೆ ಎಂದು ನನಗೆ ಮೈ ಉರಿಯುತ್ತದೆ. ಅಕ್ಕನಿಗೆ ಉರಿಯುತ್ತಿರಲಿಲ್ಲ. ಊರೆಲ್ಲ ಫೋರ್ಸಿ ಎಂದರೂ ಅವಳು ಮಾತ್ರ ಒಂದು ದಿನವೂ ಹಾಗೆ ಕರೆದವಳಲ್ಲ. ಅವಳ ಕಿವಿಗೆ ಬೀಳುವ ಹಾಗೆ ಯಾರಾದರೂ ಅಂದರೆ, "ಅವರಿಗೊಂದು ಹೆಸರಿದೆ ಕಣಯ್ಯ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು.

ಅಕ್ಕನ ಹೆಸರು ಊರಿಗೆ ಗೊತ್ತಿದ್ದದ್ದು ಜುಲ್ಬೀನಾದಿಂದ. ಕ್ರಿಸ್‌ಮಸ್ಸಿಗೆ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಇಡುವ ಬಿಳಿ ಮೊಳಕೆ ಅದು. ತಟ್ಟೆಯಲ್ಲಿ ಒದ್ದೆ ಹತ್ತಿ ಹಾಸಿ, ಕಾಳು ಉದುರಿಸಿ, ಕಪಾಟಿನ ಕತ್ತಲಲ್ಲಿ ಮುಚ್ಚಿಟ್ಟು, ಆಗಾಗ ನೀರು ಚಿಮುಕಿಸಬೇಕು. ಬೆಳಕು ಸೋಕಿದರೆ ಹಸಿರಾಗಿ ಕೆಟ್ಟಿತು. ಬೆಳಕೇ ಕಾಣದಿದ್ದರೆ ಮುದುಕಿಯ ಕೂದಲಿನ ಹಾಗೆ ಬೆಳ್ಳಗೆ, ಉದ್ದಕ್ಕೆ ಇಳಿಬೀಳುತ್ತದೆ. ನಮ್ಮ ಇಗರ್ಜಿಯ ದೊಡ್ಡ ಪೀಠದ ಮುಂದೆ ಪ್ರತಿ ವರ್ಷ ಅಕ್ಕನ ತಟ್ಟೆಗಳೇ. ಬೇರೆಯವರದು ಬದಿಯ ಪೀಠಗಳಿಗೆ. ನನ್ನದೂ ಬದಿಯ ಪೀಠಕ್ಕೇ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಔಷಧಿ ಶುರುವಾಯಿತು. ಔಷಧಿಯ ಜೊತೆ ಊಟ ನಿಂತಿತು. ನಾನು ಕೋಳಿ ಸಾರು ಮಾಡಿ ಒಯ್ದೆ. ನೆರೆಹೊರೆಯವರು ಮೊಲದ ಮಾಂಸ, ಮ್ಯಾಕರೋನಿ, ಆಡಿನ ಹಾಲಿನ ಗಿಣ್ಣು ತಂದರು. ಎಲ್ಲವೂ ಬಂದ ಪಾತ್ರೆಯಲ್ಲೇ ವಾಪಸು ಹೋದವು. ವಾಸನೆಗೇ ಅಕ್ಕ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು, ಹೊಟ್ಟೆಗೆ ಏನಾದರೂ ಹೋಗಲೇಬೇಕು, ಇಲ್ಲದಿದ್ದರೆ ಹೊಸ ವರ್ಷಕ್ಕೆ ಔಷಧಿ ನಿಲ್ಲಿಸಬೇಕಾಗುತ್ತದೆ, ಮೈ ತಡೆಯುವುದಿಲ್ಲ ಎಂದರು. ನಿಲ್ಲಿಸಿದರೆ ಏನಾಗುತ್ತದೆ ಎಂದು ಭಾವ ಕೇಳಲಿಲ್ಲ. ಬದುಕಿನಲ್ಲಿ ಅವರಿಗೆ ಅನುಮಾನವಿಲ್ಲದೆ ಅರ್ಥವಾದ ಮಾತು ಅದೊಂದೇ ಇರಬೇಕು.

ಮುಂದಿನದೆಲ್ಲ ನನಗೆ ಆಮೇಲೆ ತಿಳಿದದ್ದು. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಗೋಜೋ ದ್ವೀಪದ ಹೆಂಗಸೊಬ್ಬಳು, ತನ್ನ ತಮ್ಮನಿಗೂ ಹೀಗೇ ಆಗಿತ್ತು, ಮನೆಯಲ್ಲೇ ಬೆಳೆದ ಗಾಂಜಾ ತಿಂದ ಮೇಲೆ ಹಸಿವು ಹುಟ್ಟಿತು ಎಂದಳಂತೆ. ಭಾವ ಹೌಹಾರಿದರು. ಅವಳು ನಕ್ಕು, ಈಗ ಮನೆಯೊಳಗೆ ಬೆಳೆದುಕೊಳ್ಳಬಹುದು, ಸರ್ಕಾರವೇ ಬಿಟ್ಟಿದೆ, ಬೀಜವೇನು ಚಂದ್ರಲೋಕದ್ದಲ್ಲ, ಹಾಡುಹಕ್ಕಿಗೆ ಹಾಕುತ್ತೀರಲ್ಲ ಅದೇ ಜಾತಿ ಎಂದಳು. ಭಾವನ ಮನೆಯಲ್ಲಿ ಎರಡು ಪಂಜರ, ಒಂದು ಡಬ್ಬಿ ಹಕ್ಕಿಕಾಳು ಇದ್ದೇ ಇತ್ತು.

ಆದರೆ ಕಾನೂನು ಏನು ಹೇಳುತ್ತದೆ? ಊರ ಗಂಡಸರು ಹರಟೆಗೆ ಸೇರುವ ಬ್ಯಾಂಡ್ ಕ್ಲಬ್ಬಿನಲ್ಲಿ ಕೇಳಿದರು. ಒಬ್ಬ, ಮನೆಗೆ ನಾಲ್ಕೇ ಅಂದ. ಇನ್ನೊಬ್ಬ, ಹೊರಗಿನವರ ಕಣ್ಣಿಗೆ ಬೀಳಕೂಡದು ಅಂದ. ಮೂರನೆಯವನು, ವಾಸನೆ ಬೀದಿಗೆ ಬಂದರೆ ದಂಡ ಅಂದ. ಯಾರಿಗೋಸ್ಕರ ಕೇಳುತ್ತಿದ್ದೀಯಾ ಎಂದಾಗ, ಹಕ್ಕಿಗೆ ಅಂದರಂತೆ ಭಾವ. ಕ್ಲಬ್ಬು ಒಂದು ವಾರ ನಕ್ಕಿತು.

ಅಲ್ಲಿಂದ ಮನೆಗೆ ನಡೆದು ಬರುವಾಗ ಭಾವನ ತಲೆಯಲ್ಲಿ ಎಲ್ಲ ಕಲಸಿಹೋಯಿತು. ಮನೆಯೊಳಗೆ ಬೆಳೆಯುವುದು. ಯಾರ ಕಣ್ಣಿಗೂ ಕಾಣದ ಹಾಗೆ. ನಾಲ್ಕೇ ನಾಲ್ಕು. ನಮ್ಮೂರಿನವರಿಗೆ ಮನೆಯೊಳಗೆ, ಕಣ್ಮರೆಯಲ್ಲಿ ಬೆಳೆಯುವುದೆಂದರೆ ಒಂದೇ. ಜುಲ್ಬೀನಾವನ್ನು ಗಿಡದ ಲೆಕ್ಕದಲ್ಲಿ ಯಾರು ಎಣಿಸುತ್ತಾರೆ? ತಟ್ಟೆಯ ಲೆಕ್ಕ. ಸರ್ಕಾರ ನಾಲ್ಕು ಎಂದರೆ ನಾಲ್ಕು ತಟ್ಟೆ ಎಂದೇ ಭಾವ ತಿಳಿದರು. ಹಕ್ಕಿಕಾಳಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಕನ್ನಡಕ ಏರಿಸಿ, ಗಾಂಜಾ ಬೀಜವನ್ನು ಒಂದೊಂದಾಗಿ ಆರಿಸಿದರು. ಅಕ್ಕನ ನಾಲ್ಕು ತಟ್ಟೆ ತೆಗೆದು ಹತ್ತಿ ಹಾಸಿ, ಒತ್ತೊತ್ತಾಗಿ ಉದುರಿಸಿ, ಮೇಲಿನ ಕೋಣೆಯಲ್ಲಿ ಅಕ್ಕನದೇ ಕಪಾಟಿನೊಳಗೆ ಇಟ್ಟು ಬಾಗಿಲಿಗೆ ಕಂಬಳಿ ಹೊದಿಸಿದರು. ವಾಸನೆ ಬೀದಿಗೆ ಹೋಗದಿರಲಿ ಎಂದು ದಿನವೂ ಸಾಂಬ್ರಾಣಿ ಹಾಕಿದರು.

ನಾನು ಕಂಡದ್ದು ಇಷ್ಟು: ಭಾವ ಬೆಳಿಗ್ಗೆ ಎದ್ದು ನೀರಿನ ಲೋಟ ಹಿಡಿದು ಮೆಟ್ಟಿಲು ಹತ್ತುತ್ತಾರೆ, ಮನೆಯೆಲ್ಲ ಸಾಂಬ್ರಾಣಿ. ಅಕ್ಕನ ಬದಲು ಇವರು ಜುಲ್ಬೀನಾ ಹಾಕಿದ್ದಾರೆ, ಹರಕೆ ಇರಬೇಕು ಅಂದುಕೊಂಡೆ. ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಆ ಮನುಷ್ಯನನ್ನು ಹೀಗಳೆದೆನಲ್ಲ ಅನ್ನಿಸಿತು. ಅಕ್ಕನಿಗೂ ಹಾಗೇ ಅನ್ನಿಸಿತ್ತು. ಭಾವ ಕೆಳಗಿಳಿದಾಗಲೆಲ್ಲ ಹಾಸಿಗೆಯಿಂದಲೇ ಕೇಳುತ್ತಿದ್ದಳು.

"ಬೆಳ್ಳಗಿದೆಯಾ?"

"ಹಾಲಿನ ಹಾಗಿದೆ."

"ಬೆಳಕು ಬಿಡಬೇಡ ಮತ್ತೆ."

"ಬಿಟ್ಟಿಲ್ಲ ಲುಚೀಯಾ. ನಿನಗೋಸ್ಕರಾನೇ."

ಅಕ್ಕನಿಗೆ ಎಲ್ಲ ಗೊತ್ತಾಗಿದೆ, ಒಪ್ಪಿಕೊಂಡಿದ್ದಾಳೆ ಎಂದು ಭಾವ. ಗಂಡ ತನ್ನ ಬದಲು ಬಾಲಯೇಸುವಿನ ಸೇವೆ ಮಾಡುತ್ತಿದ್ದಾನೆ ಎಂದು ಅಕ್ಕ. ಇಬ್ಬರೂ ಒಂದೊಂದು ದಾರಿ ಹಿಡಿದು ಖುಷಿಯಾಗಿದ್ದರು. ಊಟ ಮಾತ್ರ ಹಾಗೇ ವಾಪಸು ಬರುತ್ತಿತ್ತು. ಅಕ್ಕನ ಕೈ ನೋಡಿದರೆ ಮೂಳೆ ಎಣಿಸಬಹುದಾಗಿತ್ತು.

ಕ್ರಿಸ್‌ಮಸ್ ಹತ್ತಿರ ಬಂತು. ಭಾವ ಔಷಧಿ ತರಲು ಆಸ್ಪತ್ರೆಗೆ ಹೋಗಿದ್ದರು, ನಾನು ಅಕ್ಕನ ಬಳಿ ಕೂತಿದ್ದೆ. ನಮ್ಮ ದುನ್ ಆಂಜ್ಲು ಪಾದ್ರಿಗಳು ಹೇಳಿಕಳಿಸಿದರು: ಪೀಠ ಸಿಂಗರಿಸುತ್ತಿದ್ದೇವೆ, ಲುಚೀಯಾಳಿಗೆ ಈ ಸಲ ಆಗಲಿಲ್ಲವೆಂದರೆ ಬೇಜಾರಿಲ್ಲ, ಬೇರೆಯವರದು ಇಡುತ್ತೇವೆ. ಅಕ್ಕ ದಿಂಬಿನಿಂದ ತಲೆಯೆತ್ತಿದಳು. ಎಷ್ಟೋ ದಿನದ ಮೇಲೆ ಅವಳ ಗಂಟಲಲ್ಲಿ ಗತ್ತು ಕೇಳಿದೆ.

"ಬೇರೆಯವರದು ಯಾಕೆ ಇಡ್ತಾರೆ? ಮೇಲೆ ಕಪಾಟಲ್ಲಿದೆ, ಹೋಗಿ ಕೊಟ್ಟು ಬಾರೇ."

ನಾನು ಕಂಬಳಿ ಸರಿಸಿ ತೆಗೆದೆ. ಬೆಳ್ಳಗಿತ್ತು, ನಿಜ. ಎಳೆ ಕೊಂಚ ದಪ್ಪ ಅನ್ನಿಸಿತು, ತುದಿಯಲ್ಲಿ ಎರಡೆರಡು ಹಳದಿ ಎಲೆ. ಗಂಡಸು ಬೆಳೆದದ್ದು ಇನ್ನು ಹೇಗಿರುತ್ತದೆ ಎಂದು ಬೈದುಕೊಂಡು, ನಾಲ್ಕೂ ತಟ್ಟೆ ಒಯ್ದು ಇಗರ್ಜಿಗೆ ಕೊಟ್ಟೆ. ದೊಡ್ಡ ಪೀಠದ ಮುಂದೆ ಬಾಲಯೇಸುವಿನ ನಾಲ್ಕೂ ಕಡೆ ಇಟ್ಟರು. ಯಾರಿಗೂ ಅನುಮಾನ ಬರಲಿಲ್ಲ.

ಭಾವ ಮರಳಿ ಬಂದು ಮೇಲೆ ಹೋಗಿ ಕಪಾಟು ತೆರೆದರು. ಖಾಲಿ. ಅಕ್ಕ ಮಲಗಿ ನಿದ್ದೆ ಹೋಗಿದ್ದಳು, ನಾನು ನನ್ನ ಮನೆಗೆ ಬಂದಿದ್ದೆ. ವಾಸನೆ ಹಿಡಿದು ಪೊಲೀಸರು ಬಂದು ಎತ್ತಿಕೊಂಡು ಹೋದರು ಎಂದೇ ಅವರು ನಂಬಿದರು. ಇನ್ನೊಬ್ಬರಾಗಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಭಾವ ಟೋಪಿ ಹಾಕಿಕೊಂಡು ನೆಟ್ಟಗೆ ಠಾಣೆಗೆ ಹೋದರು.

ಅಲ್ಲಿದ್ದ ಸಾರ್ಜೆಂಟು ಬೇರೆ ಊರಿನವನು, ವಯಸ್ಸು ಚಿಕ್ಕದು. ನನ್ನನ್ನು ಒಳಗೆ ಹಾಕಿ, ಆದರೆ ಒಂದನ್ನಾದರೂ ವಾಪಸು ಕೊಡಿ, ನನ್ನ ಹೆಂಡತಿ ತಿನ್ನಬೇಕು ಎಂದು ಭಾವ ಅವನ ಮುಂದೆ ಕೈಮುಗಿದು ನಿಂತರು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ನಾವು ಯಾರ ಮನೆಗೂ ಹೋಗಿಲ್ಲ ಎಂದ. ಗಾಂಜಾದ ಮಾತು ಎಂದು ತಿಳಿದ ಮೇಲೆ, ಎಷ್ಟು ಬೆಳೆದಿದ್ದಿರಿ ಎಂದ. ನಾಲ್ಕು. ಹಾಗಾದರೆ ತಪ್ಪೇನಿಲ್ಲವಲ್ಲ, ನಾಲ್ಕು ಗಿಡ ಬಿಟ್ಟಿದ್ದಾರೆ. ಗಿಡ ಅಲ್ಲ ಸಾಹೇಬರೇ, ತಟ್ಟೆ. ತಟ್ಟೆಗೆ ಎಷ್ಟು ಗಿಡ? ಅದನ್ನು ಯಾರು ಎಣಿಸುತ್ತಾರೆ? ಸಾರ್ಜೆಂಟು ಪೆನ್ನು ಕೆಳಗಿಟ್ಟ. ಬೀಜ ಎಲ್ಲಿಯದು ಎಂದ. ಹಕ್ಕಿಕಾಳಿನದು ಎಂದು ತಿಳಿದಾಗ, ಅದರಲ್ಲಿ ಅಮಲು ಗಿಮಲು ಏನೂ ಇರುವುದಿಲ್ಲ ಅಜ್ಜ, ಬರೀ ನಾರಿನ ಜಾತಿ ಅದು, ಮನೆಗೆ ಹೋಗಿ ಎಂದು ಎದ್ದು ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ತಪ್ಪು ಮಾಡಿದೆನೋ ಇಲ್ಲವೋ, ಕಳೆದುಹೋದದ್ದು ಔಷಧಿಯೋ ಹುಲ್ಲೋ, ಭಾವನಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಸೀದಾ ನನ್ನ ಬಾಗಿಲಿಗೆ ಬಂದರು. ಮುಖ ಸುಣ್ಣದ ಗೋಡೆಯ ಹಾಗಿತ್ತು.

"ಡೊಲೋರಾ, ಕಪಾಟಲ್ಲಿದ್ದದ್ದು ನೋಡಿದೆಯಾ?"

"ನಾನೇ ಕೊಟ್ಟು ಬಂದೆನಲ್ಲ ಭಾವ, ದೊಡ್ಡ ಪೀಠಕ್ಕೆ. ಪಾದ್ರಿಗಳು ತುಂಬ ಹೊಗಳಿದರು."

ಅವರು ನನ್ನ ಹೊಸ್ತಿಲ ಮೇಲೆ ಕುಸಿದು ಕೂತರು. ಆಗ ಎಲ್ಲ ಹೇಳಿದರು, ಬೆಂಚಿನ ಹೆಂಗಸಿನಿಂದ ಸಾರ್ಜೆಂಟಿನವರೆಗೆ. ಬೈಯಬೇಕೆಂದು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ. ಹೋಗಿ ತಟ್ಟೆ ವಾಪಸು ತರಲೇ? ಪಾದ್ರಿಗಳಿಗೆ ಏನೆಂದು ಹೇಳುವುದು? ತಂದರೂ ಅದರಿಂದ ಏನಾದರೂ ಆಗುತ್ತದೆಯೇ? ಭಾವ ಅಷ್ಟು ಹೊತ್ತೂ ತಮ್ಮ ಟೋಪಿಯನ್ನೇ ತಿರುಗಿಸುತ್ತ ಕೂತಿದ್ದರು. "ಅವಳು ಏನಾದ್ರೂ ತಿಂದ್ರೆ ಸಾಕಾಗಿತ್ತು ಕಣೇ," ಎಂದರು. ಆ ಮಾತಿಗೆ ನನಗೆ ದುಃಖ ತಡೆಯಲಾಗಲಿಲ್ಲ.

ಅಕ್ಕನಿಗೆ ಹೇಳಲೇಬೇಕಾಯಿತು. ಭಾವ ಹಾಸಿಗೆಯ ಪಕ್ಕ ನಿಂತು, ಪರೀಕ್ಷೆಯಲ್ಲಿ ಫೇಲಾದವರ ಹಾಗೆ ತಲೆ ಬಗ್ಗಿಸಿ ಹೇಳಿದರು. ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆ ಗಿಡಾನ ನೀನು ಕತ್ತಲಲ್ಲಿ ಇಟ್ಟಿದ್ದೆಯಾ?"

"ನೀನು ಯಾವಾಗಲೂ ಹಾಗೇ ಇಡ್ತೀಯಲ್ಲ."

"ಅಯ್ಯೋ ವಿಸ್ಟಿನ್, ಅದಕ್ಕೆ ಬಿಸಿಲು ಬೇಕಿತ್ತು ಕಣೋ. ಸೊಪ್ಪು ಅದು. ಸೊಪ್ಪಿಗೆ ಬಿಸಿಲು ಬೇಡವಾ?"

ಮೊದಲು ಅವಳ ಭುಜ ಅಲುಗಿತು. ನೋವೇನೋ ಎಂದು ನಾನು ಎದ್ದೆ. ನಗು ಅದು. ಹೊಟ್ಟೆ ಹಿಡಿದುಕೊಂಡು, ಅಳುತ್ತ, ಸಾಕು ಸಾಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ನಕ್ಕಳು. ಬಾಲಯೇಸುವಿನ ಸುತ್ತ ಗಾಂಜಾ ಎಂದು ಒಂದೊಂದು ಸಲ ಹೇಳಿದಾಗಲೂ ಮತ್ತೆ ನಗು. ಭಾವ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ನಗು ನಿಂತ ಮೇಲೆ ಅಕ್ಕ, ನಾನು ಅದನ್ನು ನೋಡಬೇಕು, ನನ್ನನ್ನು ಕರೆದುಕೊಂಡು ಹೋಗಿ ಎಂದು ಹಟ ಹಿಡಿದಳು. ತಿಂಗಳಿಂದ ಹಾಸಿಗೆ ಬಿಟ್ಟವಳಲ್ಲ. ಸಾರು ಬಿಸಿ ಮಾಡಲೇ ಎಂದೆ. ಮುಖ ಗೋಡೆಗೆ ತಿರುಗಿಸಿದಳು.

ಮರುದಿನ ಮಧ್ಯಾಹ್ನ, ಜನ ಊಟಕ್ಕೆ ಹೋಗಿರುವ ಹೊತ್ತು ನೋಡಿ, ಎರವಲು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದೆವು. ಇಗರ್ಜಿಯಲ್ಲಿ ಯಾರೂ ಇರಲಿಲ್ಲ. ಪೀಠದ ದೀಪದ ಕೆಳಗೆ ನಾಲ್ಕು ತಟ್ಟೆ. ಆಗಲೇ ಒಂದು ದಿನ ಬೆಳಕು ಬಿದ್ದು ಕೆಲವು ಎಲೆಗಳ ತುದಿಯಲ್ಲಿ ತೆಳ್ಳಗೆ ಹಸಿರು ಹತ್ತಿತ್ತು. ಅಕ್ಕ ಕುರ್ಚಿ ಹತ್ತಿರ ತಳ್ಳಿಸಿಕೊಂಡಳು. ತನ್ನ ಕೈಯ ಬೆಳೆಯನ್ನು ನೋಡುವ ಹಾಗೇ ತಟ್ಟೆಯನ್ನು ಈ ಕಡೆಯಿಂದ, ಆ ಕಡೆಯಿಂದ ನೋಡಿದಳು. ಒತ್ತಾಗಿ ಹಾಕಿದ್ದೀಯಾ, ನೀರು ಹದವಾಗಿದೆ, ಪರವಾಗಿಲ್ಲ ಎಂದಳು. ಅವಳ ಬಾಯಿಂದ ಪರವಾಗಿಲ್ಲ ಎಂಬ ಮಾತು ನನ್ನ ತಟ್ಟೆಗಳಿಗೆ ಯಾವತ್ತೂ ಬಂದಿಲ್ಲ.

ಆಮೇಲೆ ಅವಳು ಕೈ ಚಾಚಿ ಒಂದು ಬಿಳಿ ಎಳೆ ಕಿತ್ತಳು. ಏನು ಮಾಡುತ್ತಿದ್ದಾಳೆಂದು ತಿಳಿಯುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಿದ್ದಳು. ನಾನು ತಡೆಯಲು ಹೋದೆ, ಭಾವ ನನ್ನ ತೋಳು ಹಿಡಿದರು. ಅಕ್ಕ ನಿಧಾನವಾಗಿ ಅಗಿದಳು. ಅವಳ ಕತ್ತಿನ ನರ ಮೇಲೆ ಕೆಳಗೆ ಆಡಿತು. ನುಂಗಿದಳು. ಅದು ವಾಪಸು ಬರಲಿಲ್ಲ.

"ಸಪ್ಪೆ," ಎಂದಳು. "ಒಂಚೂರು ಉಪ್ಪು, ಎಣ್ಣೆ ಬೇಕಿತ್ತು. ಬ್ರೆಡ್ಡಿನ ಮೇಲೆ ಹಾಕ್ಕೊಂಡು."

ಭಾವ ಕುರ್ಚಿಯ ಪಕ್ಕಕ್ಕೆ ಬಗ್ಗಿದರು. "ಇನ್ನೊಂದು ಎಳೆ ಕೊಡ್ಲಾ?" ಎಂದು ಕೇಳಿದರು.

ಅಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ, ಇಷ್ಟು ವರ್ಷ ಊರಿನವರು ಆಡಿದರೆ ಬಾಯಿ ಮುಚ್ಚಿಸುತ್ತಿದ್ದ ಆ ಮಾತನ್ನು ತಾನೇ ಮೆಲ್ಲಗೆ ಆಡಿದಳು.

"ಫೋರ್ಸಿ."

ಭಾವ ಬಾಗಿಲ ಕಡೆಗೊಮ್ಮೆ ತಿರುಗಿ ನೋಡಿ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ತಟ್ಟೆಗೆ ಅಡ್ಡ ನಿಂತು, ಎರಡನೆಯ ಎಳೆ ಕಿತ್ತರು.