ಕಾಲು ತೊಳೆಯುವ ಜಾಗ

ಒಮಾನಿನ ಬೌಷರ್‌ನಲ್ಲಿರುವ ನಮ್ಮ ಊರ ಕಡೆಯವರು ಶುಕ್ರವಾರ ಬಂತೆಂದರೆ ಬೆಟ್ಟ ಹತ್ತಲು ಹೊರಡುತ್ತಾರೆ. ಕೈಗೊಂದು ಕೋಲು, ಬೆನ್ನಿಗೊಂದು ಚೀಲ, ಕಾಲಿಗೆ ಸೈನಿಕರ ಹಾಗೆ ಬೂಟು. ಸಂಜೆಯ ಹೊತ್ತಿಗೆ ವಾಟ್ಸಾಪಿನಲ್ಲಿ ಫೋಟೋಗಳ ಸುರಿಮಳೆ. ನನ್ನನ್ನೂ ಕರೆಯುತ್ತಾರೆ, ನಾನು ಹೋಗುವುದಿಲ್ಲ. ಹತ್ತುವುದು ಇಳಿಯುವುದಕ್ಕೇ ಎಂದಾದರೆ ಕೆಳಗೇ ಇರಬಹುದಲ್ಲ ಎಂಬುದು ನನ್ನ ವಾದ. ನನಗೆ ಸಪಾಟು ದಾರಿ ಬೇಕು, ತಲೆಯ ಮೇಲೆ ನೆರಳು ಬೇಕು, ಪಕ್ಕದಲ್ಲಿ ನೀರು ಹರಿಯುತ್ತಿರಬೇಕು. ಒಮಾನಿನಲ್ಲಿ ಅಂಥದ್ದು ಎಲ್ಲಿದೆ ಎಂದು ನಗುವವರಿಗೆ, ಇಬ್ರಿಗೆ ಬಂದು ನೋಡಿ ಎನ್ನುತ್ತೇನೆ. ಆ ದಾರಿಯನ್ನು ಹುಡುಕಿದವಳು ನಾನು. ಈ ವಿಷಯದಲ್ಲಿ ನನಗೆ ಜಂಬ ಇದೆ, ಅದನ್ನು ಮುಚ್ಚಿಡುವ ಇರಾದೆ ಇಲ್ಲ.

ಇಬ್ರಿಯ ಒಂದು ಕಂಪನಿಯಲ್ಲಿ ನಮ್ಮ ಯಜಮಾನರು ಲೆಕ್ಕಪತ್ರ ನೋಡುತ್ತಾರೆ. ನಮ್ಮ ಫ್ಲ್ಯಾಟಿನಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಹಳ್ಳಿ. ಅಲ್ಲಿ ಬೆಟ್ಟದ ಬುಡದಿಂದ ನೀರು ತರುವ ಕಾಲುವೆಯಿದೆ, ಅದಕ್ಕೆ ಫಲಜ್ ಎನ್ನುತ್ತಾರೆ. ನಮ್ಮೂರಿನ ತೋಡಿಗಿಂತ ಕಿರಿದು. ಊರಿನ ಮೇಲ್ಗಡೆ ಬಯಲಿಗೆ ಬಂದು, ಖರ್ಜೂರದ ತೋಟಗಳ ನಡುವೆ ನುಸುಳಿ, ಮಸೀದಿಯ ಬದಿಯಿಂದ ಹಾದು, ಕಡೆಗೆ ಆಡುಗಳಿಗೆ ಮೇವು ಬೆಳೆಯುವ ಗದ್ದೆಗಳಲ್ಲಿ ಮುಗಿಯುತ್ತದೆ. ಅದರ ದಂಡೆಯಲ್ಲೇ ಕಾಲುದಾರಿ. ಏರಿಲ್ಲ, ಇಳಿತವಿಲ್ಲ. ಮಕ್ಕಳೂ ನಡೆಯಬಹುದು, ಮುದುಕರೂ ನಡೆಯಬಹುದು.

ನಮಗೆ ಅಂಥ ದಾರಿಯೇ ಬೇಕಾಗಿತ್ತು. ಅತ್ತೆಗೆ ಮಂಗಳೂರಿನಲ್ಲಿ ಒಂದು ಮಂಡಿ ಬದಲಿಸುವ ಆಪರೇಷನ್ ಆಗಿತ್ತು. ದಿನಾ ನಡೆಯಿರಿ, ಇಲ್ಲದಿದ್ದರೆ ಕಾಲು ಬಾಗಿದ ಹಾಗೆಯೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಇಲ್ಲಿಗೆ ಬಂದ ಮೇಲೆ ಅವರನ್ನು ಮೊದಲು ಕರೆದುಕೊಂಡು ಹೋದದ್ದು ಇಬ್ರಿಯ ದೊಡ್ಡ ಸೂಪರ್ ಮಾರ್ಕೆಟಿಗೆ. ಒಳಗೆ ತಂಪು, ನುಣುಪಾದ ನೆಲ, ಸುತ್ತು ಹಾಕಿದಷ್ಟೂ ಜಾಗ. ಆದರೆ ಅತ್ತೆಗೆ ಅಂಗಡಿಯೊಳಗೆ ಸುಮ್ಮನೆ ತಿರುಗುವುದೇ ದೊಡ್ಡ ಸಂಕಟ.

"ಎಂತದೂ ತಗೊಳ್ಳದೆ ಬರಿಗೈಲಿ ಹೊರಗೆ ಬರುದು ಹೇಗೆ? ಅವರು ಎಂತ ಗ್ರಹಿಸ್ತಾರೆ?" ಎನ್ನುತ್ತಿದ್ದರು. ಆದ್ದರಿಂದ ಪ್ರತಿ ಸಂಜೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಳ್ಳುತ್ತಿದ್ದರು. ಫ್ರಿಜ್ಜು ತೆರೆದರೆ ಕೊತ್ತಂಬರಿ, ಸಾರಿಗೆ ಕೊತ್ತಂಬರಿ, ಚಟ್ನಿಯೂ ಕೊತ್ತಂಬರಿಯದ್ದೇ. ಕಡೆಗೆ ಇವರೇ ಕೈಮುಗಿದು, "ಅಮ್ಮನನ್ನು ಬೇರೆ ಎಲ್ಲಿಗಾದ್ರೂ ಕರ್ಕೊಂಡು ಹೋಗು ಮಾರಾಯ್ತಿ" ಎಂದರು.

ಹಾಗೆ ಅತ್ತೆ ನನ್ನ ದಾರಿಗೆ ಬಂದರು. ಮೊದಲ ಶುಕ್ರವಾರ ನನ್ನ ತೋಳನ್ನು ಬಿಗಿಯಾಗಿ ಹಿಡಿದು ಒಂದೇ ತೋಟದ ಉದ್ದ ನಡೆದರು. ಆಮೇಲೆ ಎರಡು ತೋಟ. ಉಳಿದ ದಿನ ಫ್ಲ್ಯಾಟಿನ ವರಾಂಡದಲ್ಲೇ ಅಷ್ಟು ಹೆಜ್ಜೆ ಹಾಕುತ್ತಿದ್ದರು. ನೀರು ನೋಡುತ್ತ ನಡೆದರೆ ಅವರಿಗೆ ನೋವು ಮರೆತುಹೋಗುತ್ತಿತ್ತು. ಇದು ಗೊನೆ ಬಿಡುವ ಮರ, ಅದು ಬರೀ ಹೂವಿನ ಗಂಡು ಮರ ಎಂದು ನನಗೇ ಪಾಠ ಹೇಳತೊಡಗಿದರು. ನನ್ನ ದಾರಿ ಡಾಕ್ಟರ ಔಷಧಿಗಿಂತ ಮೇಲು ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೊದಲ ತೋಟ ಒಬ್ಬ ಮುದುಕನದು. ನೆರಳಿನ ಕಾಲುದಾರಿ ಶುರುವಾಗುವುದೇ ಅವನ ಗೇಟಿನಿಂದ. ವಾರವಾರವೂ ನಮ್ಮನ್ನು ನೋಡಿ ತಲೆಯಾಡಿಸಿ ಒಳಗೆ ಬಿಡುತ್ತಿದ್ದ. ಒಂದು ಶುಕ್ರವಾರ ಮನೆಯ ಕಡೆ ಕೈ ತೋರಿಸಿ, "ತಫದ್ದಲ್, ಕಹ್ವಾ" ಎಂದು ಕಾಫಿಗೆ ಕರೆದ.

ಒಬ್ಬರ ಮನೆಗೆ ಹೋಗುವಾಗ ನಮ್ಮ ಕಡೆಯವರು ಮೊದಲು ಮಾಡುವ ಕೆಲಸ ಏನು? ಕಾಲು ತೊಳೆಯುವುದು. ಗೇಟಿನ ಪಕ್ಕದಲ್ಲೇ ತಿಳಿನೀರು ಹರಿಯುತ್ತಿತ್ತು. ಅತ್ತೆ ಚಪ್ಪಲಿ ಕಳಚಿ, ಸೀರೆ ತುಸು ಎತ್ತಿ, ಎರಡೂ ಕಾಲನ್ನು ಫಲಜಿನೊಳಗೆ ಇಳಿಸಿ ಚೆನ್ನಾಗಿ ಉಜ್ಜಿದರು. ಮರ್ಯಾದೆ ಕೊಡಲೆಂದೇ ಹಾಗೆ ಮಾಡಿದ್ದು.

ಮುದುಕ ಕೂಗಿಕೊಂಡ. ಅಲ್ಲಿಂದ ಕೂಗಳತೆಯಷ್ಟು ಕೆಳಗೆ ಒಂದು ಕಲ್ಲಿನ ಮೆಟ್ಟಿಲಿತ್ತು. ಅಲ್ಲಿ ಒಬ್ಬ ಹೆಂಗಸು ಕ್ಯಾನಿಗೆ ನೀರು ತುಂಬುತ್ತಿದ್ದವಳು ಅದನ್ನು ನೆಲಕ್ಕೆ ಸುರಿದುಬಿಟ್ಟಳು. ಮುದುಕನಿಗೆ ಹಿಂದಿ ಅಲ್ಪಸ್ವಲ್ಪ ಬರುತ್ತಿತ್ತು. ಇದು ಕುಡಿಯುವ ನೀರು, ಮನೆಗಳಿಗೆ ನಲ್ಲಿ ಬಂದಿದ್ದರೂ ಕಾಫಿಗೆ ಇಡೀ ಊರು ಇದನ್ನೇ ಒಯ್ಯುತ್ತದೆ, ಕೈಕಾಲು ತೊಳೆಯುವುದೇನಿದ್ದರೂ ಮಸೀದಿ ದಾಟಿದ ಮೇಲೆ ಎಂದ. ನನಗೆ ರೇಗಿತು. ನೀರು ಹರಿದು ಹೋಯಿತಲ್ಲ ಬಾಬಾ, ಅದಕ್ಕೆ ಇಷ್ಟು ಗಲಾಟೆಯಾ ಎಂದು ನಾನೂ ಹಿಂದಿಯಲ್ಲೇ ಜಗಳಕ್ಕೆ ನಿಂತೆ. "ನೀನು ಒಮ್ಮೆ ಬಾಯಿ ಮುಚ್ಚು" ಎಂದು ಇವರು ನನ್ನನ್ನು ಹಿಂದಕ್ಕೆಳೆದರು. ಮುದುಕ "ಖಲಾಸ್" ಎಂದು ಗೇಟು ಎಳೆದುಕೊಂಡ.

ಮುಂದಿನ ವಾರವೂ ಗೇಟು ಹಾಕಿತ್ತು. ಅದಕ್ಕೆ ಖರ್ಜೂರದ ಒಣ ಗರಿಗಳನ್ನು ಅಡ್ಡ ಕಟ್ಟಿದ್ದರು. ಉಳಿದದ್ದು ತೋಟಗಳ ಹೊರಗಿನ ಮಣ್ಣಿನ ಓಣಿ. ಬಿಸಿಲು, ಧೂಳು, ಒಂದು ಮರವೂ ಇಲ್ಲ. ನಾವು ಹಾಗೆಯೇ ಮರಳಿದೆವು. ಅತ್ತೆ ಸೋಫಾದಲ್ಲಿ ಕಾಲು ಮಡಚಿ ಕೂತುಬಿಟ್ಟರು. ಸೂಪರ್ ಮಾರ್ಕೆಟಿಗೆ ಬನ್ನಿ ಎಂದರೆ ಮುಖ ತಿರುಗಿಸಿದರು. ನಾಲ್ಕು ದಿನದಲ್ಲೇ ಮಂಡಿ ಬಿಗಿಯತೊಡಗಿತು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ನಾನು ಆ ಮುದುಕನನ್ನು ದಿನವಿಡೀ ಬೈದೆ.

"ಅವನನ್ನು ಎಂತಕ್ಕೆ ಬೈಯುದು?" ಎಂದು ಅತ್ತೆ ನನ್ನನ್ನೇ ಗದರಿದರು. "ನಮ್ಮ ಬಾವಿಕಟ್ಟೆಗೆ ಯಾರಾದ್ರೂ ಚಪ್ಪಲಿ ಹಾಕಿ ಬಂದ್ರೆ ನಾನು ಬಿಡ್ತಿದ್ದೆನಾ? ಅವನು ಕೂಗಿದ್ದು ಕಮ್ಮಿ ಆಯ್ತು. ಬರುವ ಶುಕ್ರವಾರ ಕರ್ಕೊಂಡು ಹೋಗು. ನನಗೆ ಅಲ್ಲಿ ಒಂದು ಕೆಲಸ ಉಂಟು."

ಆ ಶುಕ್ರವಾರ ಅತ್ತೆ ಮುಚ್ಚಿದ ಗೇಟಿನ ಎದುರು ಕಾರಿನಿಂದ ಇಳಿದರು. ಕೂಗಲಿಲ್ಲ, ಬಡಿಯಲಿಲ್ಲ. ಮುದುಕ ಒಳಗೆ ಸಲಿಕೆ ಹಿಡಿದು ನಿಂತಿದ್ದ. ಅತ್ತೆ ಅವನಿಗೆ ಕಾಣುವ ಹಾಗೆ ತಮ್ಮ ಪಾದ ತೋರಿಸಿ, ಆಮೇಲೆ ಕೆಳಗೆ ಮಸೀದಿಯ ಆಚೆ ಕೈ ಚಾಚಿದರು. ಮತ್ತೆ ಆ ಮಣ್ಣಿನ ಓಣಿಯಲ್ಲಿ ಹೊರಟೇಬಿಟ್ಟರು. ಇವರು ಕಾರು ತರುತ್ತೇನೆಂದರೆ ಬೇಡ ಎಂದರು. ನಾನು ಕೊಡೆ ಹಿಡಿದು ಹಿಂದೆ ಓಡಿದೆ, ಕೈ ಕೊಟ್ಟರೆ ಕೊಡವಿದರು. ಹೆಜ್ಜೆಗೊಮ್ಮೆ ಹಲ್ಲು ಕಚ್ಚುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮಸೀದಿ ದಾಟಿ, ಫಲಜ್ ಮುಗಿಯುವ ಮೇವಿನ ಗದ್ದೆಯ ತನಕ ನಡೆದರು. ಅಷ್ಟು ದೂರ ಅವರು ಆಪರೇಷನ್ ಆದ ಮೇಲೆ ನಡೆದೇ ಇರಲಿಲ್ಲ. ಅಲ್ಲಿ ಕೂತು, ಎರಡೂ ಕಾಲನ್ನು ಚೆನ್ನಾಗಿ ತೊಳೆದು, ಸ್ವಲ್ಪ ದಣಿವಾರಿಸಿಕೊಂಡು, ಬಂದ ದಾರಿಯಲ್ಲೇ ವಾಪಸು ಹೊರಟರು.

ಗೇಟಿಗೆ ತಲುಪಿದಾಗ ಅತ್ತೆಯ ಕಾಲು ನೋಡಿ ನನಗೆ ಅಳು ಬಂತು. ಒದ್ದೆ ಪಾದಕ್ಕೆ ಓಣಿಯ ಧೂಳೆಲ್ಲ ಮೆತ್ತಿ, ಕಾಲಿನ ಮಣಿಗಂಟಿನವರೆಗೆ ಕೆಸರು. ತೊಳೆಯದೇ ಇದ್ದಿದ್ದರೆ ಇದಕ್ಕಿಂತ ಶುಭ್ರವಾಗಿರುತ್ತಿತ್ತು. ಅತ್ತೆಯೂ ಆಗಷ್ಟೇ ಕೆಳಗೆ ನೋಡಿಕೊಂಡರು. "ಅಯ್ಯೋ ದೇವರೇ, ಇದೆಂಥ ಅವಸ್ಥೆ!" ಎಂದರು.

ಮುದುಕ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ, ಒಣ ಗರಿಗಳನ್ನು ಕಿತ್ತೆಸೆದ, ಮನೆಯ ಕಡೆ ತಿರುಗಿ ಏನೋ ಕೂಗಿದ. ಒಳಗಿನಿಂದ ಅವನ ಹೆಂಡತಿ ಬಂದಳು, ಅತ್ತೆಯದೇ ವಯಸ್ಸಿನವಳು. ಕೈಯಲ್ಲಿ ದೊಡ್ಡ ತಂಬಿಗೆಯ ತುಂಬ ನೀರು. ಅತ್ತೆಯನ್ನು ಒಂದು ಖರ್ಜೂರದ ಮರದ ಬುಡಕ್ಕೆ ಕರೆದೊಯ್ದು, ಬಗ್ಗಿ, ಅವರ ಪಾದಕ್ಕೆ ನೀರು ಸುರಿಯತೊಡಗಿದಳು. ಮನೆಗೆ ಬಂದವರಿಗೆ ನಮ್ಮೂರಿನಲ್ಲಿ ಕೊಡುವ ಹಾಗೆಯೇ. ಕೊಳೆ ನೀರು ಫಲಜಿನ ಕಡೆಗೆ ಹೋಗದೆ ಮರದ ಬೇರಿಗಿಳಿಯಿತು.

ಅತ್ತೆ ಮೊದಲು ಒಂದು ಕಾಲು ಮುಂದಿಟ್ಟರು. ಆಮೇಲೆ ಅದನ್ನು ಊರಿ ಇನ್ನೊಂದನ್ನು ಎತ್ತಿ ಹಿಡಿದರು. ಆಗ ಅವರು ನಿಂತದ್ದು ಹೊಸ ಮಂಡಿಯ ಕಾಲೊಂದರ ಮೇಲೆ. ಮರವನ್ನೂ ಹಿಡಿದಿರಲಿಲ್ಲ, ಆ ಹೆಂಗಸಿನ ಹೆಗಲನ್ನೂ ಹಿಡಿದಿರಲಿಲ್ಲ. ನನ್ನ ಎದೆ ಉಬ್ಬಿಹೋಯಿತು. ಇದು ನನ್ನ ದಾರಿ ಎಂದು ಇಷ್ಟು ದಿನ ಜಂಬ ಕೊಚ್ಚಿದ್ದೆ, ಆ ಹೊತ್ತಿನಲ್ಲಿ ಇವರು ನನ್ನ ಅತ್ತೆ ಎಂಬ ಹೆಮ್ಮೆಯೊಂದೇ ಉಳಿಯಿತು.

ಬೌಷರಿನ ಬೆಟ್ಟ ಹತ್ತುವವರಿಗೆ ಕಳಿಸಲು ಒಂದು ಫೋಟೋ ತೆಗೆಯಬೇಕಿತ್ತು. ಆದರೆ ಅತ್ತೆ ಬಿದ್ದರೆ ಹಿಡಿಯಬೇಕೆಂದು ನಾನು ಎರಡೂ ಕೈ ಚಾಚಿ ನಿಂತಿದ್ದೆ. ಅತ್ತೆ ಬೀಳಲಿಲ್ಲ.