ಒಂದು ಸಲ ಬೇಡ ಅಂದರೆ ಸಂಜೆಯೆಲ್ಲ ಬೇಡ

ನನಗೆ ಮೂಗಿನ ತುದಿಯಲ್ಲೇ ಕೋಪ. ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದ ಮೇಲೆ ಅದು ಕಡಿಮೆಯಾಗಿದೆ ಎಂದು ಮನೆಯವರು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾರೆ. ಕಡಿಮೆಯಾಗಿಲ್ಲ, ಇಲ್ಲಿ ಜಗಳಕ್ಕೆ ಯಾರೂ ಸಿಗುವುದಿಲ್ಲ, ಅಷ್ಟೇ.

ಇಂಥ ನಾನು ಹೋದ ಚಳಿಗಾಲದಲ್ಲಿ ಒಂದು ಸಂಜೆ ತರಗತಿಗೆ ಸೇರಿದೆ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಜನ ಸಭಾಭವನಕ್ಕೆ ಸೇರಿ ಕುಣಿಯುತ್ತಿದ್ದರಲ್ಲ, ಆ ಕುಣಿತ ಕಲಿಸುವ ತರಗತಿ. ಮನೆಯವರಿಗೆ ಹೇಳಿದಾಗ ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು.

“ನಮ್ಮನ್ನ ಆಳಿದೋರ ಡ್ಯಾನ್ಸು ನಿನಗ್ಯಾಕೇ? ಅದೂ ಸ್ವೀಡನ್‌ಗೆ ಬಂದು!”

“ಭರತನಾಟ್ಯ ಕಲಿಯೋ ವಯಸ್ಸು ದಾಟೋಯ್ತು. ಇದ್ರಲ್ಲಿ ಬರೀ ನಡೆದ್ರೆ ಸಾಕಂತೆ,” ಎಂದೆ.

ಹೇಳದೆ ಉಳಿಸಿಕೊಂಡಿದ್ದು ಬೇರೆಯೇ ಇತ್ತು. ಶಾಲೆಯಲ್ಲಿ, ಕಾಲೇಜಿನಲ್ಲಿ ವಾರ್ಷಿಕೋತ್ಸವ ಬಂದರೆ ನಾನು ಪರದೆಯ ಹಿಂದೆ ಸೇಫ್ಟಿ ಪಿನ್ ಹಿಡಿದು ನಿಲ್ಲುವವಳು. ಕುಣಿಯುವ ಹುಡುಗಿಯರ ಸೆರಗು ಸರಿಮಾಡುವುದೇ ನನ್ನ ಕೆಲಸ. ಒಂದು ಸಲವಾದರೂ ನಾಲ್ಕು ಜನರೆದುರು ಕುಣಿಯಬೇಕು ಅನ್ನುವ ಆಸೆ ಒಳಗೇ ಇತ್ತು, ಬಾಯಿಬಿಟ್ಟು ಹೇಳಲು ನಾಚಿಕೆ.

ಕಲಿಸುತ್ತಿದ್ದವರು ನಿವೃತ್ತರಾದ ಇತಿಹಾಸದ ಮೇಡಂ. ಬೆಳ್ಳಿ ಕೂದಲು, ಸೈನ್ಯದವರ ದನಿ. ಎರಡು ಕುಣಿತಗಳ ನಡುವೆ ಫಿಕಾಗೆಂದು, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆಂದು, ಕಾಫಿ, ದಾಲ್ಚಿನ್ನಿ ಬನ್ನು ಹಿಡಿದು ಕೂತಾಗ ಹಳೆಯ ಇಂಗ್ಲೆಂಡಿನ ಕಥೆ ಶುರುವಾಗುತ್ತಿತ್ತು. ಮೇಲೆ ಉರಿಯುವ ಮೇಣದಬತ್ತಿ ಕರಗಿ ಕೆಳಗೆ ಕುಣಿಯುವವರ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತಂತೆ. ಪರಿಚಯವಿಲ್ಲದ ಗಂಡಸು ನೇರವಾಗಿ ಬಂದು ಹೆಣ್ಣನ್ನು ಮಾತಾಡಿಸುವಂತಿಲ್ಲ, ಸಭೆಯ ಯಜಮಾನ ಪರಿಚಯ ಮಾಡಿಸಬೇಕು. ಹೆಂಗಸರ ಗೌನಿನ ತೆಳು ಬಟ್ಟೆ ನಮ್ಮ ದೇಶದಿಂದ ಹಡಗಿನಲ್ಲಿ ಹೋದದ್ದು. ತರಗತಿಯ ಕೊನೆಗೆ ಅಂಥದೇ ಒಂದು ಸಭೆ ಕೂಡಿಸಿ ನಾವೂ ಕುಣಿಯುವುದಿತ್ತು. ಅದಕ್ಕೆಂದು ನಾನು ಅಮ್ಮ ಕಳಿಸಿದ ಬಿಳಿ ಮಲ್‌ಮಲ್ ಸೀರೆ ಕತ್ತರಿಸಿ ಗೌನು ಹೊಲಿಯುತ್ತಿದ್ದೇನೆ ಎಂದು ಕೇಳಿ ಮೇಡಂ ಆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರು. ಅವತ್ತು ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು.

ಇನ್ನೊಂದು ವಾರ ಅದೇ ಮೇಡಂ ಮೇಲೆ ಮೈಯೆಲ್ಲ ಉರಿಯಿತು. ಆ ಕಾಲದಲ್ಲಿ ಹೆಣ್ಣು ತಾನಾಗಿ ಯಾರನ್ನೂ ಕುಣಿತಕ್ಕೆ ಕರೆಯುವಂತಿರಲಿಲ್ಲ. ಕರೆದವನಿಗೆ ಬೇಡ ಅನ್ನಬಹುದಿತ್ತು. ಆದರೆ ಒಬ್ಬನಿಗೆ ಬೇಡ ಅಂದ ಮೇಲೆ ಆ ಸಂಜೆಯೆಲ್ಲ ಯಾರ ಜೊತೆಗೂ ಕುಣಿಯದೆ ಗೋಡೆ ಪಕ್ಕ ಕೂರಬೇಕು. ಇಲ್ಲದಿದ್ದರೆ ಮೊದಲು ಕೇಳಿದವನಿಗೆ ಅವಮಾನ.

“ಅವನಿಗೆ ಅವಮಾನ, ಇವಳಿಗೆ ಶಿಕ್ಷೆ. ಚೆನ್ನಾಗಿದೆ ನ್ಯಾಯ!” ಎಂದೆ.

ಮೇಡಂ ನಕ್ಕರು. “ಚೆನ್ನಾಗಿರಲಿಲ್ಲ. ಅದಕ್ಕೇ ನಮ್ಮ ಸಭೆಯಲ್ಲಿ ಈ ನಿಯಮ ಪಾಲಿಸುತ್ತೇವೆ. ಅವರಿಗೆ ಹೇಗನ್ನಿಸುತ್ತಿತ್ತು ಅಂತ ನಮಗೂ ಗೊತ್ತಾಗಲಿ.” ಎಲ್ಲರೂ ಒಪ್ಪಿದರು. ಗೊಣಗುತ್ತಾ ನಾನೂ ಒಪ್ಪಿದೆ.

ಸಭೆ ನಡೆಯುವುದು ವರ್ಷಕ್ಕೆ ಒಂದೇ ಸಲ, ಮಾರ್ಚಿನಲ್ಲಿ. ಈ ನಡುವೆ ನಮ್ಮ ಪ್ರಾಜೆಕ್ಟ್ ಮುಗಿಯುತ್ತದೆ, ಜೂನಿನಲ್ಲಿ ಬೆಂಗಳೂರಿಗೆ ವಾಪಸ್ ಎಂದು ಆಫೀಸಿನಿಂದ ತಿಳಿಸಿದ್ದರು. ಮುಂದಿನ ಮಾರ್ಚ್ ನನಗೆ ಇರಲಿಲ್ಲ. ಕುಣಿದರೆ ಈ ಸಲವೇ ಕುಣಿಯಬೇಕು.

ಆ ಸಂಜೆ ಇಟ್ಟಿಗೆಯ ಹಳೇ ಭವನಕ್ಕೆ ಮಗಳ ಜೊತೆ ಹೋದೆ. ಹೈಸ್ಕೂಲಿನಲ್ಲಿ ಓದುವ ಮಗಳು ಫಿಕಾ ಮೇಜು ನೋಡಿಕೊಳ್ಳಲು ಒಪ್ಪಿದ್ದಳು. ಮೇಡಂ ಗಂಡಸರ ಕೋಟು ತೊಟ್ಟು ಸಭೆಯ ಯಜಮಾನರಾಗಿದ್ದರು. ಪಿಟೀಲು ಶುರುವಾಯಿತು. ಮೇಡಂ ಒಬ್ಬ ಎತ್ತರದ ಗಂಡಸನ್ನು ಕರೆತಂದು ಪರಿಚಯ ಮಾಡಿಸಿದರು. ವಿಮಾನದ ಕಂಪನಿಯ ಎಂಜಿನಿಯರ್, ನಮ್ಮ ತರಗತಿಯವರೇ. ಚಳಿಗಾಲವೆಲ್ಲ ಅವರು ಯಾರ ಜೊತೆಗೂ ಮಾತಾಡಿದ್ದು ನಾನು ಕೇಳಿರಲಿಲ್ಲ. ಬಗ್ಗಿ ನಮಸ್ಕರಿಸಿ, ಈ ಕುಣಿತಕ್ಕೆ ತಮ್ಮ ಜೊತೆ ಬರುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಬಾಯಿಂದ ಬಂದದ್ದು, “ಅಯ್ಯೋ, ನೋ ನೋ, ಪರ್ವಾಗಿಲ್ಲ.”

ಅವರು ಮತ್ತೆ ಬಗ್ಗಿದರು. ತಿರುಗಿ ಹೊರಟೇ ಹೋದರು.

ನಾನು ಕೈ ಚಾಚುವುದಕ್ಕೆ ಸಿದ್ಧಳಾಗಿ ನಿಂತೇ ಇದ್ದೆ. ಅವರು ದೂರದ ಕುರ್ಚಿಯಲ್ಲಿ ಕೂತದ್ದು ಕಂಡ ಮೇಲೆ ನಾನೂ ಗೋಡೆ ಪಕ್ಕದ ಕುರ್ಚಿಗೆ ಹೋಗಿ ಕೂತೆ. ಒಂದಾದ ಮೇಲೊಂದು ಕುಣಿತ ಮುಗಿಯುತ್ತಾ ಬಂತು. ಯಾರೂ ನನ್ನ ಹತ್ತಿರ ಬರಲಿಲ್ಲ. ಬಂದರೂ ನಾನು ಏಳುವಂತಿರಲಿಲ್ಲ. ಮೈಮೇಲೆ ಅಮ್ಮನ ಸೀರೆ, ಕಾಲಲ್ಲಿ ಹೊಸ ಚಪ್ಪಲಿ, ಗೋಡೆ ಪಕ್ಕ ನಾನು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಲ್ಲಿನ ಜನಕ್ಕೆ ಇನ್ನೊಂದು ಸಲ ಕೇಳಿದರೆ ಗಂಟೇನು ಹೋಗುತ್ತೆ?

ಮಗಳು ಬನ್ನಿನ ತಟ್ಟೆ ಬಿಟ್ಟು ಬಂದಳು. “ಮಮ್ಮಾ, ಯಾಕೆ ನೇಯ್ ಅಂದೆ?” ನೇಯ್ ಅಂದರೆ ಅವಳ ಸ್ವೀಡಿಷಿನಲ್ಲಿ ಬೇಡ.

“ನಾನೆಲ್ಲಿ ಬೇಡ ಅಂದೆ?”

“ನೋ ನೋ ಅಂದೆ. ನಾನೇ ಕೇಳಿಸ್ಕೊಂಡೆ. ಟೂ ಟೈಮ್ಸ್!”

“ಅದು ಬೇಡ ಅಲ್ವೇ! ಅದು... ಸುಮ್ನೆ ಅನ್ನೋದು.”

ಸುಮ್ಮನೆ ಅನ್ನುವುದು ಎಂದರೇನು ಎಂದು ಈ ದೇಶದಲ್ಲಿ ಬೆಳೆದ ಹುಡುಗಿಗೆ ಹೇಗೆ ಬಿಡಿಸಿ ಹೇಳಲಿ? ನಮ್ಮ ಕಡೆ ಯಾರ ಮನೆಗೇ ಹೋಗಲಿ, ಕಾಫಿ ಎಂದರೆ ಮೊದಲು “ಅಯ್ಯೋ ಬೇಡ, ಈಗ ತಾನೇ ಆಯ್ತು” ಅನ್ನಬೇಕು. ಅವರು “ಅರ್ಧ ಲೋಟ” ಅನ್ನಬೇಕು. ಮತ್ತೆ ಬೇಡ ಅನ್ನಬೇಕು. ಮೂರನೆಯ ಸಲಕ್ಕೆ ತುಂಬಿದ ಲೋಟವೇ ಬರುತ್ತದೆ. ಒಂದೇ ಮಾತಿಗೆ ಹೂಂ ಎಂದರೆ ಇವಳೇನು ಕಾಫಿಗೆಂದೇ ಬಂದಳಾ ಅಂದುಕೊಳ್ಳುತ್ತಾರೆ. ಹೇಗೋ ಇದನ್ನೆಲ್ಲ ಮಗಳಿಗೆ ಹೇಳಿದೆ.

“ಸೋ ನಿಂಗೆ ಡ್ಯಾನ್ಸ್ ಬೇಕಿತ್ತು?”

“ಬೇಕಿತ್ತು ಕಣೇ. ತುಂಬಾ ಬೇಕಿತ್ತು.”

ಜೋರಾಗಿ ಹೇಳಿದ ಮೇಲೆ ನಾಚಿಕೆ ಬಿಟ್ಟುಹೋಯಿತು. ನೇರ ಆ ಎಂಜಿನಿಯರ್ ಹತ್ತಿರ ಹೋಗಲು ನಿಯಮ ಬಿಡುವುದಿಲ್ಲ. ಮೇಡಂ ಹತ್ತಿರ ಹೋಗಿ ಕಾಫಿ ಲೋಟದ ಸಮೇತ ಎಲ್ಲ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿದರು.

“ನಿಯಮ ಇರುವುದು ಅವರ ಮಾನ ಉಳಿಸಲಿಕ್ಕೆ. ಹಾಗಿದ್ದರೆ ನಿನ್ನನ್ನು ಬಿಡುಗಡೆ ಮಾಡಬೇಕಾದವರೂ ಅವರೇ,” ಎಂದು ನನ್ನನ್ನು ಕರೆದುಕೊಂಡು ಹೋದರು.

ಆ ಮನುಷ್ಯ ಇನ್ನೂ ಕೂತಿದ್ದರು. ಬೇರೆ ಯಾರನ್ನೂ ಕರೆದಿರಲಿಲ್ಲ. ನಾನು ತಡವರಿಸುತ್ತಾ ಹೇಳುತ್ತಾ ಹೋದಂತೆ ಅವರ ಮುಖ ಕಿವಿಯವರೆಗೂ ಕೆಂಪಾಯಿತು. ಸಿಟ್ಟು ಬಂತೇನೋ ಎಂದು ಹೆದರಿದೆ.

“ಕಳೆದ ವಾರ ನಾನು ನಿಮ್ಮ ಕಾಲು ತುಳಿದಿದ್ದೆ,” ಎಂದರು. “ಅದಕ್ಕೇ ನೀವು ಬೇಡ ಅಂದಿರಿ ಅಂದುಕೊಂಡೆ. ಮೇಲುಕೋಟು ಹಾಕಿಕೊಂಡು ಮನೆಗೆ ಹೋಗೋಣ ಅಂತ ಕೂತಿದ್ದೆ.”

ನಾನು ನನ್ನ ದುಃಖದಲ್ಲಿ ಮುಳುಗಿ ಕೂತಿದ್ದಾಗ ಈ ಮನುಷ್ಯ ಅಲ್ಲಿ ಒಬ್ಬರೇ ಹೀಗೆ ಬೆಂದಿದ್ದರು! ಪಾಪ ಅನ್ನಿಸಿತು. ಕಾಲು ತುಳಿದದ್ದು ನನಗೆ ನೆನಪೇ ಇಲ್ಲ ಎಂದೆ, ಅದು ನಿಜ. ಅವರು ಉಸಿರುಬಿಟ್ಟದ್ದು ನನಗೆ ಕೇಳಿಸಿತು.

“ನಿಮ್ಮಲ್ಲಿ ಎಷ್ಟು ಸಲ ಕೇಳಬೇಕು?”

“ಮೂರು.”

ಅವರು ಎದ್ದು ನಿಂತರು, ಕೋಟು ಎಳೆದು ಸರಿಮಾಡಿಕೊಂಡು ಬಗ್ಗಿ ಎರಡನೆಯ ಸಲ ಕೇಳಿದರು. ನಮ್ಮ ಮರ್ಯಾದೆಯ ಪ್ರಕಾರ ನಾನು ಇನ್ನೊಂದು ಬೇಡ ಅನ್ನಬೇಕಿತ್ತು. ಹೂಂ ಅಂದುಬಿಟ್ಟೆ.

ಉಳಿದಿದ್ದದ್ದು ಕೊನೆಯ ಕುಣಿತ. ಎರಡು ಉದ್ದ ಸಾಲು, ಎದುರುಬದುರು ನಿಂತ ಜೋಡಿಗಳು. ಕೊನೆಗೆ ಬಂದವರಾದ್ದರಿಂದ ಸಾಲಿನ ಬುಡದಲ್ಲಿ ನಾವು. ಇದರಲ್ಲಿ ಪ್ರತಿ ಸುತ್ತಿಗೂ ಒಂದು ಸ್ಥಾನ ಮೇಲೆ ಸರಿಯಬೇಕು, ದಾರಿಯಲ್ಲಿ ಸಿಕ್ಕ ಎಲ್ಲರ ಕೈ ಹಿಡಿಯಬೇಕು. ಮೊದಮೊದಲು ಹೆಜ್ಜೆ ತಪ್ಪಿತು, ಅವರದೂ ತಪ್ಪಿತು. ಆಮೇಲೆ ಕಾಲಿಗೆ ತಾನಾಗಿ ನೆನಪಾಯಿತು. ಹೋದ ಜೀವ ಬಂದ ಹಾಗಾಯಿತು. ನಾವು ಸಾಲಿನ ತಲೆಗೆ ಬಂದೆವು. ಕೈ ಕೈ ಹಿಡಿದು ನಡುವಿನ ದಾರಿಯಲ್ಲಿ ನಾವಿಬ್ಬರೇ ಕುಣಿದು ಇಳಿಯಬೇಕು, ಎರಡೂ ಕಡೆಯವರು ನಿಂತು ನೋಡುತ್ತಾರೆ.

ಇಷ್ಟೊಂದು ಜನ ನನ್ನನ್ನೇ ನೋಡುತ್ತಿದ್ದರು. ನನಗೆ ತಡೆಯಲಾರದೆ ನಗು ಬಂತು, ಬಾಯಿ ಬಿಟ್ಟು ಗಟ್ಟಿಯಾಗಿ ನಕ್ಕೆ. ಅಂಥ ಸಭೆಯಲ್ಲಿ ಆ ಕಾಲದ ಹೆಂಗಸರು ಹಾಗೆ ನಗುತ್ತಿರಲಿಲ್ಲವಂತೆ. ಸಭೆಯ ಯಜಮಾನರು ಮಾತ್ರ ತಾಳ ಹಾಕುತ್ತಾ ಪಿಟೀಲಿನವರಿಗೆ ಇನ್ನೊಂದು ಸುತ್ತು ನುಡಿಸಿ ಎಂದು ಸನ್ನೆ ಮಾಡಿದರು.