ಬಿದಿರು ಮೆಳೆಯಾಚೆಯ ದನಿ

ಯಾರದೋ ದನಿ ಕೇಳಿಸಿತು, ಯಾರೋ ಕನಸಿನಲ್ಲಿ ಬಂದು ಎಚ್ಚರಿಸಿದರು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಗಡಿಯಾಚೆ ಆಂಧ್ರದ ಹಿಂದೂಪುರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರ್ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುವುದು ಕೆಲಸ. ಮೋಟಾರ್ ಸದ್ದು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಉಳಿದದ್ದೆಲ್ಲವೂ ಹೀಗೇ ಎಂದು ನಂಬಿಕೊಂಡಿದ್ದವನು ನಾನು. ಇದನ್ನು ಬರೆಯುತ್ತಿರುವಾಗಲೂ ದೆವ್ವ, ಶಕುನಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಒಂದು ದನಿಯ ಕಾರಣ ಮಾತ್ರ ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮದು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನವಾಗಿ ಸರಿಹೋದವು, ಮಾತು ಮರಳಲಿಲ್ಲ. ನೋವಾದರೂ ನರಳುವಷ್ಟು ದನಿಯೂ ಬರುತ್ತಿರಲಿಲ್ಲ. ಅದಕ್ಕೆ ಮುಂಚೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಎಂದು ಬೆಳಗಿನಿಂದ ಸಂಜೆವರೆಗೆ ಮಾತಾಡಿಕೊಂಡೇ ಇದ್ದ ಜೀವ ಅದು. ಜೊತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಆಗಾಗ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಬರುತ್ತಿದ್ದೆವು.

ಒಂದು ಸಲ ಹಾಗೆ ತೋರಿಸಿಕೊಂಡು ಸ್ಟೇಷನ್ನಿಗೆ ಬರುವಾಗ ನಮ್ಮ ಆಟೋ ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಹಾದುಹೋಯಿತು. ಅಮ್ಮ ಕತ್ತು ಹೊರಗೆ ಹಾಕಿ ಆ ಮರಗಳನ್ನೇ ನೋಡಿದಳು. ನನ್ನ ತೋಳು ಹಿಡಿದು ಜಗ್ಗಿದಳು. ರೈಲಿಗೆ ಹೊತ್ತಾಗಿದ್ದರಿಂದ ಇಳಿಯಲಾಗಲಿಲ್ಲ. ಊರಿಗೆ ಬಂದ ಮೇಲೆ ಕಲ್ಯಾಣದುರ್ಗದಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದೆ.

"ಆಸ್ಪತ್ರೆಗೇ ಅಂತ ಎಷ್ಟು ಸಲ ಹೋಗಿದೀರ? ಒಂದ್ಸಲ ಬರೀ ಮರ ತೋರ್ಸಕ್ಕೇ ಕರ್ಕಂಡೋಗಾನ ಕಣ್ಲಾ. ನಾನೂ ಬತ್ತೀನಿ" ಅಂದಳು ಅಕ್ಕ.

ಅಲ್ಲಿಂದ ಶುರುವಾಯಿತು ನಮ್ಮ ತಯಾರಿ. ಮದುವೆಗೂ ನಮ್ಮ ಮನೆಯಲ್ಲಿ ಅಷ್ಟು ಚರ್ಚೆ ನಡೆದಿರಲಿಲ್ಲ. ನನ್ನ ಹೆಂಡತಿ ಸರೋಜಳಿಗೆ ಒಂದೇ ಚಿಂತೆ: ಅಲ್ಲಿ ನೆರಳಿದೆಯೇ, ನೀರಿದೆಯೇ, ಅತ್ತೆ ಕೂರುವುದಕ್ಕೆ ಸರಿಯಾದ ಜಾಗವಿದೆಯೇ? ಮೋಟಾರ್ ಒಯ್ಯಲು ಬಂದಿದ್ದ ಬ್ರಹ್ಮಸಮುದ್ರದ ರೈತರೊಬ್ಬರು ಆ ಪಾರ್ಕ್ ನೋಡಿದ್ದರು. "ಅದು ಪಾರ್ಕೇನಣ್ಣ, ಅಡವಿ ಇದ್ದಂಗೈತೆ. ಬಂಡೆ ಅವೆ, ಬಿದಿರು ಮೆಳೆ ಅವೆ. ವಯಸ್ಸಾದೋರ್ನ ಕರ್ಕಂಡು ಭಾಳ ಒಳಿಕೆ ಹೋಗ್ಬ್ಯಾಡಿ" ಎಂದರು. ಊಟಕ್ಕೆ ಏನು ಒಯ್ಯುವುದು ಎಂಬ ಮಾತು ಬಂದಾಗ ಸರೋಜ ಪುಳಿಯೋಗರೆ ಅಂದಳು. ಅಮ್ಮ ಬೇಡವೆಂದು ತಲೆಯಾಡಿಸಿದಳು. ಬೀದಿ ತುಂಬ ಹುಣಸೆಹಣ್ಣಿನ ವಾಸನೆ ಇರುವ ಊರಿನವರು ಬೆಂಗಳೂರಿಗೆ ಹೋಗಿಯೂ ಅದನ್ನೇ ತಿನ್ನಬೇಕೇ ಎಂಬಂತಿತ್ತು ಅವಳ ಮುಖ. ಚಿತ್ರಾನ್ನ ಎಂದಾಗ ಒಪ್ಪಿದಳು. ಟ್ರಂಕಿನಿಂದ ಗಿಳಿಹಸಿರು ಸೀರೆಯನ್ನು ತಾನೇ ತೆಗೆದು ದಿಂಬಿನ ಪಕ್ಕದಲ್ಲಿಟ್ಟುಕೊಂಡಳು. ಲಕ್ವ ಹೊಡೆದ ಮೇಲೆ ಅಮ್ಮ ತಾನಾಗಿ ಏನನ್ನಾದರೂ ಬಯಸಿದ್ದು ಅದೇ ಮೊದಲು.

ಅಕ್ಕ ಹಿಂದಿನ ದಿನವೇ ಬಸ್ಸಿನಲ್ಲಿ ಬಂದಳು. ಬೆಳಗಿನ ರೈಲು ಹಿಡಿದು ನಾಲ್ವರೂ ಹೊರಟೆವು. ಪಾರ್ಕಿನಲ್ಲಿ ದೊಡ್ಡದೊಂದು ಮರದ ಕೆಳಗೆ ಜಮಖಾನ ಹಾಸಿದೆವು. ಅಮ್ಮ ಅಂಗಾತ ಮಲಗಿ ಕೊಂಬೆಗಳನ್ನು ನೋಡುತ್ತಲೇ ಇದ್ದಳು. ಚಿತ್ರಾನ್ನ ಎರಡೇ ತುತ್ತು ತಿಂದು ಸಾಕೆಂದು ಕೈಯಾಡಿಸಿದಳು. ಖುಷಿಯಲ್ಲಿ ಹಸಿವಾಗಿಲ್ಲ ಅಂದುಕೊಂಡೆವು.

ಊಟವಾದ ಮೇಲೆ ಅಕ್ಕ ಅಮ್ಮನನ್ನು ಕೈ ತೊಳೆಯಲು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲೇ ಬಗ್ಗಿ ಕ್ಯಾರಿಯರ್ ತೊಳೆದು ತಿರುಗಿ ನೋಡಿದರೆ ಅಮ್ಮ ಇಲ್ಲ.

ಮೊದಲು ಯಾರೂ ಗಾಬರಿಯಾಗಲಿಲ್ಲ. ಅಲ್ಲೇ ಎಲ್ಲೋ ಮರ ನೋಡುತ್ತ ನಿಂತಿರಬೇಕು ಅಂದುಕೊಂಡೆವು. ಹೊತ್ತು ಕಳೆದರೂ ಅಮ್ಮ ಕಾಣಲಿಲ್ಲ. ಕಾವಲಿನವನಿಗೆ ಹೇಳಿದೆವು. ಅಮ್ಮ ವಾಪಸು ಬಂದರೆ ಇರಲಿ ಎಂದು ಸರೋಜಳನ್ನು ಮರದ ಕೆಳಗೇ ಬಿಟ್ಟು ನಾನೂ ಅಕ್ಕನೂ ಹುಡುಕಲು ಹೊರಟೆವು. "ಅಮ್ಮಾ, ಅಮ್ಮಾ" ಎಂದು ಕೂಗುತ್ತಿದ್ದೆವು. ಓಗೊಡಲಾರದವಳನ್ನು ಕೂಗಿ ಹುಡುಕುವುದು ಎಂಥ ಸಂಕಟವೆಂದು ಅವತ್ತು ಗೊತ್ತಾಯಿತು. ಅವಳಿಗೆ ಕೇಳಿಸಿದರೂ ನಮಗೆ ತಿಳಿಯುವ ಹಾಗಿಲ್ಲ. ಮೆಳೆಯ ಹಿಂದೆಯೇ ಕೂತಿದ್ದರೂ ನಾವು ಮುಂದೆ ಹೋಗಿಬಿಡಬಹುದು. ಅಕ್ಕ ನನ್ನ ತೋಳು ಹಿಡಿದು ಅಳುತ್ತಲೇ ನಡೆಯುತ್ತಿದ್ದಳು.

ಬಿದಿರು ಮೆಳೆಗಳ ನಡುವಿನ ಕಾಲುದಾರಿಯಲ್ಲಿ ಇಬ್ಬರೂ ಗೇಟಿನ ಕಡೆಗೆ ತಿರುಗಿದ್ದೆವು. ಆಗ ಕೇಳಿಸಿತು.

"ಸಣ್ಣೋನೇ, ಇಲ್ಲಿವ್ನಿ ಬಾರ್ಲಾ."

ಅಮ್ಮನ ದನಿ. ಮನೆಯಲ್ಲಿ ಕಿರಿಯವನಾದ ನನ್ನನ್ನು ಅವಳು ಕರೆಯುತ್ತಿದ್ದುದೇ ಹಾಗೆ. 'ನೇ' ಎನ್ನುವುದನ್ನು ಸ್ವಲ್ಪ ಎಳೆದು, ಸಂಜೆ ಆಟ ಬಿಟ್ಟು ಮನೆಗೆ ಬಾ ಎನ್ನುವ ಹಾಗೆ. ದನಿಯಲ್ಲಿ ಭಯವಿರಲಿಲ್ಲ, ನೋವಿರಲಿಲ್ಲ. ನಾನು ನಿಂತುಬಿಟ್ಟೆ.

"ಅಕ್ಕಾ, ಕೇಳುಸ್ತಾ?"

"ಏನು?"

"ಅಮ್ಮ ಕರೀತು."

ಅಕ್ಕ ನನ್ನ ಮುಖ ನೋಡಿದಳು. "ನಂಗೇನೂ ಕೇಳುಸ್ಲಿಲ್ಲ ಕಣ್ಲಾ" ಅಂದಳು. ಅಷ್ಟರಲ್ಲಿ ನಾನು ಓಡುತ್ತಿದ್ದೆ. ಗೇಟಿನ ಕಡೆಗಲ್ಲ, ಹಿಂದಕ್ಕೆ. ದೊಡ್ಡ ಮೆಳೆಯೊಂದರ ಆಚೆ, ಬಂಡೆಯ ಬುಡದಲ್ಲಿ, ತರಗೆಲೆ ತುಂಬಿದ ತಗ್ಗಿನಲ್ಲಿ ಗಿಳಿಹಸಿರು ಸೀರೆ ಕಂಡಿತು. ದಾರಿಯಿಂದ ನೋಡಿದ್ದರೆ ಎಲೆಗಳ ನಡುವೆ ಗೊತ್ತಾಗುತ್ತಲೇ ಇರಲಿಲ್ಲ. ಅಮ್ಮ ಒಂದು ಮಗ್ಗುಲಾಗಿ ಬಿದ್ದಿದ್ದಳು. ಮೈಯೆಲ್ಲ ಬೆವರು, ಕಣ್ಣು ಅರೆಮುಚ್ಚಿತ್ತು, ಹಲ್ಲು ಕಚ್ಚಿಕೊಂಡಿತ್ತು. ಎಷ್ಟು ಅಲುಗಾಡಿಸಿದರೂ ಅರಿವಿಲ್ಲ.

ಅವಳನ್ನು ಎತ್ತಿಕೊಂಡು ದಾರಿಗೆ ತಂದಾಗ ವಯಸ್ಸಾದ ಒಬ್ಬರು ಕೋಲೂರಿಕೊಂಡು ಬೇಗಬೇಗನೆ ಎದುರು ಬಂದರು. ಅಲ್ಲಿ ದಿನವೂ ವಾಕಿಂಗ್ ಬರುವವರಂತೆ. ಆಟೋ ಕರೆಸಿದ್ದು ಅವರೇ. ಆಟೋ ಬರುವಷ್ಟರಲ್ಲಿ ಅವರು ಹೇಳಿದರು, "ಸದ್ಯ, ನೀವು ಬಂದಿರಿ. ನಾನು ಆ ಬೆಂಚಿನ ಮೇಲಿದ್ದೆ. 'ಈಡುಂಡಾ, ರಾ ನಾಯನಾ' ಅಂತ ಯಾರೋ ಹೆಂಗಸು ತೆಲುಗಿನಲ್ಲಿ ಕರೀತಿದ್ರು. ನಮ್ಮ ಮನೇಲೂ ತೆಲುಗೇ ನೋಡಿ, ನನ್ನನ್ನೇ ಕರೆದ ಹಾಗಾಯ್ತು. ಎದ್ದು ಬಂದೆ."

ಇಲ್ಲಿದ್ದೇನೆ, ಬಾರಪ್ಪ ಎಂದೇ ಅದರ ಅರ್ಥ. ನಾನು ಕೇಳಿದ್ದೂ ಅದೇ ಮಾತು. ಆದರೆ ಕನ್ನಡದಲ್ಲಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮಾತ್ರೆ ನುಂಗಿ ಸರಿಯಾಗಿ ಉಣ್ಣದೆ ರಕ್ತದಲ್ಲಿ ಸಕ್ಕರೆ ತೀರ ಇಳಿದುಹೋಗಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಅಂಥ ಸ್ಥಿತಿಯಲ್ಲಿ ಮಾತಾಡಲು ಸಾಧ್ಯವೇ ಎಂದು ಕೇಳಿದೆ. ಮಾತು ಬರುವವರಿಗೂ ಸಾಧ್ಯವಿಲ್ಲ ಎಂದರು.

ಸಂಜೆಗೆ ಅಮ್ಮ ಕಣ್ಣುಬಿಟ್ಟಳು. ಮಾತು ಬಂದಿರಬಹುದು ಎಂಬ ಆಸೆಯಿಂದ ಮೂವರೂ ಅವಳ ಬಾಯನ್ನೇ ನೋಡುತ್ತ ನಿಂತೆವು. ಬಂದಿರಲಿಲ್ಲ. ಮುಂದೆಯೂ ಬರಲಿಲ್ಲ. ಊರಿಗೆ ಬಂದು ಚೇತರಿಸಿಕೊಂಡ ಮೇಲೆ ಒಂದು ದಿನ, "ಅಮ್ಮಾ, ಅವತ್ತು ನನ್ನ ಕರೆದ್ಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, ಇಲ್ಲವೆಂದು ತಲೆಯಾಡಿಸಿದಳು.

ಮೆಳೆಗಳಲ್ಲಿ ಗಾಳಿ ಬೀಸಿದಾಗ ಸದ್ದಾಗುತ್ತದೆ, ಗಾಬರಿಯಲ್ಲಿ ಕಿವಿ ಏನನ್ನೋ ಕೇಳಿಸಿಕೊಂಡಿರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ನನ್ನ ಮಟ್ಟಿಗೆ ಅದು ಸರಿಹೋಗಬಹುದು. ಆದರೆ ಆ ಹಿರಿಯರಿಗೆ ಯಾವ ಗಾಬರಿಯಿತ್ತು? ನನ್ನ ತೋಳು ಹಿಡಿದುಕೊಂಡಿದ್ದ ಅಕ್ಕನಿಗೇಕೆ ಕೇಳಿಸಲಿಲ್ಲ? ನನಗೆ ತಿಳಿಯದು. ಇದಾದ ಮೇಲೂ ಅಮ್ಮ ಕೆಲವು ವರ್ಷ ನಮ್ಮೊಂದಿಗಿದ್ದಳು. ನನ್ನ ಮಗಳು ಹುಟ್ಟಿದ್ದು ಆಮೇಲೆ. ಆ ಮಗು ನಡೆಯಲು ಕಲಿತದ್ದು ಅಮ್ಮನ ಬೆರಳು ಹಿಡಿದು. ಕರೆದವರು ಯಾರೇ ಇರಲಿ, ಆ ವರ್ಷಗಳನ್ನು ಕೊಟ್ಟದ್ದಕ್ಕೆ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅಮ್ಮ ಈಗಿಲ್ಲ. ಕಲ್ಯಾಣದುರ್ಗಕ್ಕೆ ಹೋದಾಗಲೆಲ್ಲ ಊಟ ಮುಗಿದ ಮೇಲೆ ಅಕ್ಕ ಹತ್ತಿರ ಬಂದು ಕೂರುತ್ತಾಳೆ. "ಅವತ್ತು ಅಮ್ಮನ ದನಿ ಹೆಂಗಿತ್ತು, ಇನ್ನೊಂದ್ಸಲ ಹೇಳ್ಲಾ" ಎನ್ನುತ್ತಾಳೆ. ಮೊದಲಿನ ಹಾಗೇ ಇತ್ತಕ್ಕಾ, ಎನ್ನುತ್ತೇನೆ. ಅವಳಿಗೆ ಅಷ್ಟು ಸಾಲದು. ಆಗ ನಾನು ಅಮ್ಮ ಎಳೆಯುತ್ತಿದ್ದ ಹಾಗೇ ಎಳೆದು ಕರೆದು ತೋರಿಸುತ್ತೇನೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ.